ಅಕ್ವಾ ರಾಜನಿಗೆ ಥ್ಯಾಕರೆಯ ಕೋಟು: ದಾವಣಗೆರೆಯ ಒಂದು ಡ್ರಾಮಾ ಡ್ರೆಸ್ ಅಂಗಡಿ

ವಾರ್ಷಿಕೋತ್ಸವದ ಸೀಸನ್ ಬಂತು ಅಂದ್ರೆ ಸಾಕು, ನಾಟಕದ ಡ್ರೆಸ್ ಬಾಡಿಗೆಗೆ ಎಲ್ಲಿ ಸಿಗುತ್ತೆ ಅಂತ ಊರಲ್ಲಿ ಎಲ್ಲರೂ ಕೇಳೋಕೆ ಶುರು ಮಾಡುತ್ತಾರೆ. ಮೊನ್ನೆ ನಮ್ಮ ಪಿಯು ಕಾಲೇಜಿನ ಮಕ್ಕಳ ನಾಟಕಕ್ಕೆ ನಾನು ಒಂದು ಅಂಗಡಿಯಲ್ಲಿ ಡ್ರೆಸ್ ತಂದೆ. ಅದರ ಬಗ್ಗೆ ಬರೆಯಲೇಬೇಕು ಅನ್ನಿಸಿತು. ಅಂಗಡಿಯ ಹೆಸರು ಹಾಕಬೇಡಿ ಅಂತ ಯಜಮಾನರೇ ಹೇಳಿದ್ದಾರೆ, ಈಗಿರುವ ಗಿರಾಕಿಗಳನ್ನು ಸಂಭಾಳಿಸುವುದೇ ಕಷ್ಟವಂತೆ, ಹಾಗಾಗಿ ಹಾಕುತ್ತಿಲ್ಲ. ದುಗ್ಗಮ್ಮನ ಗುಡಿ ಕಡೆ ಹೋಗುವಾಗ ಹಳೇ ಪೇಟೆಯ ಗಲ್ಲಿಯಲ್ಲಿ, ಬಾಗಿಲ ಮೇಲೆ ಎರಡು ಗದೆ ನೇತುಹಾಕಿರುವ ಅಂಗಡಿ ಅಂದರೆ ಯಾರಾದರೂ ತೋರಿಸುತ್ತಾರೆ.

ನಮಗೆ ಬೇಕಾಗಿದ್ದ ಡ್ರೆಸ್ ಸಾಮಾನ್ಯದ್ದಲ್ಲ. ನಾಟಕ ಇದ್ದದ್ದು ಆಫ್ರಿಕಾದ ಒಬ್ಬ ರಾಜನ ಬಗ್ಗೆ. ಇವತ್ತಿನ ಕ್ಯಾಮೆರೂನ್ ದೇಶದಲ್ಲಿ ವೂರಿ ಅನ್ನುವ ನದಿ ಸಮುದ್ರ ಸೇರುವ ಜಾಗದಲ್ಲಿ ದುವಾಲಾ ಅನ್ನುವ ಜನ ಇದ್ದಾರೆ. ಅಲ್ಲಿನ ದೊಡ್ಡ ಊರಿಗೂ ಅವರದ್ದೇ ಹೆಸರು. ಅಟ್ಲಾಂಟಿಕ್ ಗುಲಾಮರ ವ್ಯಾಪಾರದ ಕಾಲದಲ್ಲಿ, ಅಂದರೆ ಯುರೋಪಿನವರು ಆಫ್ರಿಕಾದ ಜನರನ್ನು ಕೊಂಡು ಅಟ್ಲಾಂಟಿಕ್ ಸಮುದ್ರದಾಚೆ ಅಮೆರಿಕಾ ಕಡೆಗೆ ಒಯ್ದು ಮಾರುತ್ತಿದ್ದ ಕಾಲದಲ್ಲಿ, ಅಲ್ಲಿ ಎರಡು ದೊಡ್ಡ ಮನೆತನಗಳಿದ್ದವು. ಬೆಲ್ ರಾಜನದ್ದು ಒಂದು, ಅಕ್ವಾ ರಾಜನದ್ದು ಇನ್ನೊಂದು. ನಮ್ಮ ನಾಟಕ ಅಕ್ವಾ ರಾಜನದ್ದು. ಅವನ ನಿಜವಾದ ಹೆಸರು ನ್ಗಾಂಡೊ ಅ ಕ್ವಾ, ಅಂದರೆ ಕ್ವಾನ ಮಗ ನ್ಗಾಂಡೊ. ಅಪ್ಪನ ಹೆಸರನ್ನು ನಾವು ಇನಿಷಿಯಲ್ ಮಾಡಿ ಮುಂದೆ ಇಟ್ಟುಕೊಳ್ಳುತ್ತೇವೆ, ಅವರು ಪೂರ್ತಿಯಾಗಿ ಹಿಂದೆ ಇಟ್ಟುಕೊಳ್ಳುತ್ತಾರೆ, ಅಷ್ಟೇ.

ಮೊದಲು ಬೇರೆ ಕಡೆ ಹೋಗಿದ್ದೆ. ಯಾವ ಅಂಗಡಿ ಅಂತ ಹೇಳಲ್ಲ. ‘ಆಫ್ರಿಕಾದ ರಾಜ’ ಅಂದ ಕೂಡಲೇ ಅವರು ಒಳಗಿಂದ ಚಿರತೆ ಚುಕ್ಕೆಯ ಬಟ್ಟೆ, ಹುಲ್ಲಿನ ಲಂಗ, ಮೂಳೆಯ ಹಾರ, ಮೈಗೆ ಬಳಿಯೋಕೆ ಕಪ್ಪು ಬಣ್ಣದ ಡಬ್ಬಿ ತಂದು ಇಟ್ಟರು. ಬೇಡ ಅಂದೆ. ‘ಎಲ್ಲರೂ ಇದನ್ನೇ ಒಯ್ತಾರೆ ಸಾರ್’ ಅಂದರು. ಎಲ್ಲರೂ ಒಯ್ಯುತ್ತಾರೆ ಅನ್ನುವುದೇ ನನಗೆ ಬೇಜಾರಾಗಿದ್ದು. ನಮ್ಮದೇ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನ ಇದ್ದಾರೆ. ಅವರ ಹಿರಿಯರಲ್ಲಿ ತುಂಬ ಜನರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದದ್ದು. ಒಬ್ಬ ಸಿದ್ದಿ ಹುಡುಗ ನಮ್ಮ ಕಾಲೇಜಿನಲ್ಲಿ ಕೂತು ಆ ನಾಟಕ ನೋಡಿದ್ದರೆ, ಕಪ್ಪು ಡಬ್ಬಿ ಬಳಿದುಕೊಂಡು ಕುಣಿಯುವ ಹುಡುಗರನ್ನು ನೋಡಿ ಅವನಿಗೆ ಏನು ಅನ್ನಿಸಬೇಕು?

ಆಮೇಲೆ ಈ ಗದೆ ಅಂಗಡಿಗೆ ಬಂದೆ. ಯಜಮಾನರಿಗೆ ಎಪ್ಪತ್ತು ದಾಟಿದೆ. ಚಿಕ್ಕಂದಿನಲ್ಲಿ ಕಂಪನಿ ನಾಟಕದವರ ಹತ್ತಿರ ಟೈಲರ್ ಕೆಲಸ ಕಲಿತವರು. ಚಿಂದೋಡಿ ಲೀಲಾ ಅವರ ನಾಟಕದ ಮಾತು ಬಂದರೆ ಅರ್ಧ ಗಂಟೆ ನಿಲ್ಲಿಸುವುದಿಲ್ಲ. ಬಿಲ್ಲು, ಫೋನು, ಸ್ಕ್ಯಾನರ್ ಎಲ್ಲಾ ಸೊಸೆ ನೋಡಿಕೊಳ್ಳುತ್ತಾರೆ. ಒಳಗೆ ಕಾಲಿಟ್ಟರೆ ಜರಿ ಬಟ್ಟೆಯ ವಾಸನೆ, ನುಸಿ ಗುಳಿಗೆಯ ವಾಸನೆ. ಗೋಡೆಗೆ ಸಾಲಾಗಿ ಕಿರೀಟ, ಭುಜಕೀರ್ತಿ, ಎದೆಹಾರ. ಒಂದು ಕಡೆ ಮದಕರಿ ನಾಯಕನ ಡ್ರೆಸ್ಸು ಮೂರು ಅಳತೆಯಲ್ಲಿ, ಇನ್ನೊಂದು ಕಡೆ ಓಬವ್ವನ ಒನಕೆಗಳ ಕಟ್ಟು. ದುರ್ಗದವರು ಕೂಡ ಇಲ್ಲಿಂದಲೇ ಒಯ್ಯುತ್ತಾರಂತೆ.

‘ರಾಜ ಅಂದ್ರಲ್ಲ ಮೇಷ್ಟ್ರೆ, ಮದಕರಿ ಡ್ರೆಸ್ಸೇ ಕೊಡ್ಲಾ?’ ಅಂದರು. ಅಲ್ಲ ಅಂದೆ. ‘ಹಂಗಾದ್ರೆ ಕೂತ್ಕಳ್ರಿ, ಆ ರಾಜ ಏನು ಮಾಡ್ತಿದ್ದ ಅಂತ ಮೊದ್ಲು ಹೇಳ್ರಿ. ಡ್ರೆಸ್ ಆಮೇಲೆ ನೋಡಾಣ’ ಅಂದರು.

ಈ ಅಂಗಡಿಗೆ ನಾನು ಐದು ಸ್ಟಾರ್ ಕೊಡುವುದು ಈ ಒಂದು ಮಾತಿಗೆ. ಅಳತೆ ಕೇಳಲಿಲ್ಲ, ಬಜೆಟ್ ಕೇಳಲಿಲ್ಲ. ಆ ಮನುಷ್ಯ ಏನು ಮಾಡುತ್ತಿದ್ದ ಅಂತ ಕೇಳಿದರು. ಸೊಸೆ ಚಹಾ ತಂದರು, ಪಕ್ಕದ ಅಂಗಡಿಯಿಂದ ಮಂಡಕ್ಕಿ ಮೆಣಸಿನಕಾಯಿ ಬಂತು, ನಾನು ಹೇಳುತ್ತಾ ಹೋದೆ.

ಸುಮಾರು 1472ರಲ್ಲಿ ಪೋರ್ಚುಗೀಸರು ಮೊದಲ ಸಲ ಆ ವೂರಿ ನದಿಗೆ ಬಂದರು. ನೀರಿನ ತುಂಬ ಸೀಗಡಿ ಇತ್ತು, ಅದಕ್ಕೆ ‘ಸೀಗಡಿ ನದಿ’ ಅಂತ ತಮ್ಮ ಭಾಷೆಯಲ್ಲಿ ಹೆಸರಿಟ್ಟರು. ಆ ಹೆಸರೇ ತಿರುಗಿ ತಿರುಗಿ ಕ್ಯಾಮೆರೂನ್ ಆಯಿತು. ಆಮೇಲೆ ಡಚ್ಚರು ಬಂದರು, ಅವರ ಹಿಂದೆ ಇಂಗ್ಲಿಷರು. ಮೊದಮೊದಲು ಆನೆದಂತವೇ ಜಾಸ್ತಿ. ಬರುಬರುತ್ತಾ ಮನುಷ್ಯರನ್ನು ಕೊಳ್ಳುವುದು ಜಾಸ್ತಿಯಾಯಿತು. ಒಟ್ಟು ಅಟ್ಲಾಂಟಿಕ್ ವ್ಯಾಪಾರದಲ್ಲಿ ಆಫ್ರಿಕಾದ ಕರಾವಳಿಯಿಂದ ಹಡಗು ಹತ್ತಿಸಿದವರು ಸುಮಾರು 1.25 ಕೋಟಿ ಜನ ಅಂತ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅದರಲ್ಲಿ ವೂರಿ ನದಿಯ ಪಾಲು ಚಿಕ್ಕದು. ಚಿಕ್ಕದಾದರೂ ಅಲ್ಲಿಂದ ಹೋದವರು ಮನುಷ್ಯರೇ ಅಲ್ವಾ.

ಹಡಗಿನವರು ಒಳನಾಡಿಗೆ ಹೋಗುತ್ತಿರಲಿಲ್ಲ, ಹೋಗೋಕೆ ದುವಾಲಾದವರು ಬಿಡುತ್ತಲೂ ಇರಲಿಲ್ಲ. ಹಡಗು ನದಿಯ ಬಾಯಲ್ಲಿ ನಿಲ್ಲಬೇಕು. ರಾಜನಿಗೆ ಮೊದಲು ಸುಂಕ ಕೊಡಬೇಕು. ಅದಕ್ಕೆ ಅಲ್ಲಿ ‘ಕೊಮಿ’ ಅನ್ನುತ್ತಿದ್ದರು. ಕೊಮಿ ಕೊಟ್ಟ ಮೇಲೆಯೇ ವ್ಯಾಪಾರ ಶುರು. ಆಮೇಲೆ ಹಡಗಿನವರು ಬಟ್ಟೆ, ತಾಮ್ರ, ಉಪ್ಪು, ಬಂದೂಕು, ಮದ್ದು ಎಲ್ಲವನ್ನೂ ಸಾಲವಾಗಿ ಕೊಡುತ್ತಿದ್ದರು. ದುವಾಲಾದವರು ಒಂದೇ ಮರದಲ್ಲಿ ಕೊರೆದ ಉದ್ದನೆಯ ದೋಣಿಗಳಲ್ಲಿ ಆ ಸರಕು ತುಂಬಿಕೊಂಡು ನದಿಯ ಮೇಲಕ್ಕೆ, ಒಳನಾಡಿನ ಸಂತೆಗಳಿಗೆ ಹೋಗಿ, ವಾಪಸ್ ಬರುವಾಗ ದಂತ ತರುತ್ತಿದ್ದರು, ಮನುಷ್ಯರನ್ನು ತರುತ್ತಿದ್ದರು. ಅಲ್ಲಿಯವರೆಗೂ ಹಡಗು ಕಾಯುತ್ತಾ ನಿಲ್ಲುತ್ತಿತ್ತು, ಕೆಲವು ಸಲ ತಿಂಗಳುಗಟ್ಟಲೆ. ಸಾಲಕ್ಕೆ ಭದ್ರತೆ ಅಂತ ತಮ್ಮ ಕಡೆಯ ಮಕ್ಕಳನ್ನು, ಬಂಧುಗಳನ್ನು ಹಡಗಿನಲ್ಲಿ ಒತ್ತೆ ಇಡುವ ಪದ್ಧತಿಯೂ ಆ ಭಾಗದ ಕರಾವಳಿಯಲ್ಲಿತ್ತು.

ಯಜಮಾನರು ಇದನ್ನು ಕೇಳಿ ಒಂದೇ ಮಾತು ಹೇಳಿದರು. ‘ದಲಾಲಿ ಮಂಡಿ.’

ನಾನು ಈ ಪಾಠವನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದೇನೆ, ಇಷ್ಟು ಚಿಕ್ಕದಾಗಿ ಹೇಳೋಕೆ ನನಗೆ ಬಂದಿಲ್ಲ. ನಮ್ಮೂರಲ್ಲಿ ಎಲ್ಲರಿಗೂ ಗೊತ್ತು ಮಂಡಿ ಹೇಗೆ ನಡೆಯುತ್ತೆ ಅಂತ. ರೈತನೂ ಕೊಳ್ಳುವವನೂ ನೇರವಾಗಿ ಸಿಗುವುದಿಲ್ಲ, ನಡುವೆ ಕೂತವನಿಗೆ ಎರಡೂ ಕಡೆಯಿಂದ ಬರುತ್ತೆ, ಮುಂಗಡ ಕೊಟ್ಟವನ ಕೈಯಲ್ಲಿ ದರ ಇರುತ್ತೆ. ಅಕ್ವಾ ರಾಜ ಹಾಗೆ ನಡುವೆ ಕೂತಿದ್ದ. ದೊಡ್ಡ ಸೈನ್ಯ ಇರಲಿಲ್ಲ, ದೊಡ್ಡ ರಾಜ್ಯವೂ ಅಲ್ಲ. ಹಡಗಿಗೂ ಒಳನಾಡಿಗೂ ನಡುವಿನ ನೀರಿನ ದಾರಿ ಅವನ ಮತ್ತು ಅವನ ಎದುರಾಳಿ ಬೆಲ್ ರಾಜನ ಜನರ ಕೈಯಲ್ಲಿತ್ತು. ಅದೇ ಅವರ ಬಲ. ಮಂಡಿಯಲ್ಲಿ ಮೆಕ್ಕೆಜೋಳ ಮಾರುತ್ತಾರೆ, ಅಲ್ಲಿ ಮಾರಿದ್ದು ಮನುಷ್ಯರನ್ನು. ಈ ವ್ಯತ್ಯಾಸ ಮಕ್ಕಳ ಮನಸ್ಸಿಗೆ ಇಳಿಯಬೇಕು, ನಾಟಕ ಮಾಡಿದ್ದೇ ಅದಕ್ಕೆ.

‘ಹಂಗಿದ್ರೆ ಕಿರೀಟ ಬೇಡ ಮೇಷ್ಟ್ರೆ. ವ್ಯಾಪಾರಸ್ಥನಿಗೆ ಮೊದ್ಲು ಬಟ್ಟೆ ನೋಡಾಣ’ ಅಂದರು.

ಬಟ್ಟೆಯ ಮಾತು ಬಂದಾಗ ನನಗೆ ಹೇಳೋಕೆ ತುಂಬಾ ಇತ್ತು. ಗುಲಾಮರನ್ನು ಕೊಳ್ಳಲು ಯುರೋಪಿನ ಹಡಗುಗಳು ಪಶ್ಚಿಮ ಆಫ್ರಿಕಾಕ್ಕೆ ಒಯ್ದ ಸರಕಿನಲ್ಲಿ ದೊಡ್ಡ ಪಾಲು ಬಟ್ಟೆ, ಅದರಲ್ಲೂ ನಮ್ಮ ಇಂಡಿಯಾದ ಹತ್ತಿ ಬಟ್ಟೆ. ಕೋರಮಂಡಲ ಕರಾವಳಿಯಲ್ಲಿ, ಗುಜರಾತಿನಲ್ಲಿ ನೇಯ್ದದ್ದು ಮೊದಲು ಲಂಡನ್ನಿಗೆ ಹೋಗಿ ಅಲ್ಲಿ ಹರಾಜಾಗಿ, ಮತ್ತೆ ಹಡಗು ಹತ್ತಿ ಆಫ್ರಿಕಾಕ್ಕೆ ಹೋಗುತ್ತಿತ್ತು. ಚೌಕಳಿ ಬಟ್ಟೆಗೆ, ನೀಲಿ ಬಟ್ಟೆಗೆ ಅಲ್ಲಿ ತುಂಬಾ ಬೇಡಿಕೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯ ನೇಕಾರರು ನಮ್ಮ ಚೌಕಳಿಯನ್ನು ನೋಡಿ ಅದೇ ಥರ ನೇಯೋಕೆ ಕಲಿತರು, ಕಲಿತು ಮೊದಮೊದಲು ಮಾರಿದ ಮಾರುಕಟ್ಟೆಗಳಲ್ಲಿ ಪಶ್ಚಿಮ ಆಫ್ರಿಕಾವೂ ಒಂದು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಮ್ಮೆಯಿಂದ ಹೇಳಿಕೊಂಡು ಬೆಳೆದವನು ನಾನು. ಗಿರಣಿಯ ಸೈರನ್ನಿಗೆ ಎದ್ದು, ಸೈರನ್ನಿಗೆ ಮಲಗಿದ ಮನೆ ನಮ್ಮದು. ಆ ಮ್ಯಾಂಚೆಸ್ಟರ್ ಯಾರಿಗೆ ಬಟ್ಟೆ ಮಾರಿ ದೊಡ್ಡದಾಯಿತು, ಆ ಬಟ್ಟೆ ಕೊಟ್ಟು ಏನನ್ನು ಕೊಂಡರು ಅಂತ ನನಗೆ ಗೊತ್ತಾಗಿದ್ದು ಎಂಎ ಓದುವಾಗ. ಅವತ್ತು ರಾತ್ರಿ ನಿದ್ದೆ ಬಂದಿರಲಿಲ್ಲ.

ಯಜಮಾನರ ಅಪ್ಪ ಕೂಡ ಹತ್ತಿ ಗಿರಣಿಯಲ್ಲಿದ್ದವರು. ಯಜಮಾನರು ಏನೂ ಮಾತಾಡಲಿಲ್ಲ. ಎದ್ದು ಹೋಗಿ ಎದುರಿನ ಬಟ್ಟೆ ಅಂಗಡಿಯಿಂದ ನೀಲಿ ಚೌಕಳಿ ಲುಂಗಿ ಎರಡು ತಂದರು. ದುವಾಲಾ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ಉದ್ದ ಬಟ್ಟೆಗೆ ‘ಸಾಂಜ’ ಅನ್ನುತ್ತಾರೆ, ಇವತ್ತಿಗೂ ಹಬ್ಬದ ದಿನ ಉಡುತ್ತಾರೆ ಅಂತ ಹೇಳಿದ್ದೆ. ಎರಡು ಲುಂಗಿಯನ್ನು ಜೋಡಿಸಿ ಹೊಲಿದು, ಪಾದ ಮುಟ್ಟುವ ಹಾಗೆ ನೆರಿಗೆ ಕೊಟ್ಟು ಒಂದು ಗಂಟೆಯಲ್ಲಿ ಮಾಡಿಕೊಟ್ಟರು. ಇದಕ್ಕೆ ಹೊಲಿಗೆ ಕೂಲಿ ಬೇರೆ ಹಾಕಲಿಲ್ಲ. ಲುಂಗಿಯ ದುಡ್ಡು ಮಾತ್ರ ತಗೊಂಡರು.

ಮೇಲೆ ಏನು ಹಾಕೋದು? ಇಲ್ಲಿ ಇತಿಹಾಸವೇ ನಮಗೆ ಸಹಾಯ ಮಾಡಿತು. ಬ್ರಿಟನ್ ತನ್ನ ಹಡಗುಗಳಿಗೆ ಗುಲಾಮರ ವ್ಯಾಪಾರವನ್ನು 1807ರಲ್ಲಿ ನಿಷೇಧಿಸಿತು. ಅದಕ್ಕೂ ಮುಂಚೆ ಎಷ್ಟೋ ದಶಕ ಅದೇ ವ್ಯಾಪಾರದಲ್ಲಿ ಮುಂದಿದ್ದದ್ದು ಅದೇ ಬ್ರಿಟನ್. ಆಮೇಲೆ ಬೇರೆಯವರೂ ಮಾಡಬಾರದು ಅಂತ ಆ ಕರಾವಳಿಯ ರಾಜರ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾ ಹೋಯಿತು. 1840 ಮತ್ತು 1841ರಲ್ಲಿ ಬೆಲ್ ಮತ್ತು ಅಕ್ವಾ ರಾಜರು ಇಂಥ ಒಪ್ಪಂದಗಳಿಗೆ ಸಹಿ ಹಾಕಿದರು. ಇನ್ನು ಮನುಷ್ಯರನ್ನು ಮಾರುವುದಿಲ್ಲ ಅಂತ. ಅದಕ್ಕೆ ಪ್ರತಿಯಾಗಿ ಅಕ್ವಾ ರಾಜನಿಗೆ ಕೊಡುತ್ತೇವೆ ಅಂತ ಬರೆದ ಸಾಮಾನಿನಲ್ಲಿ ಬಂದೂಕು, ಬಟ್ಟೆ, ಮದ್ದು, ರಮ್ ಇದ್ದವು. ಜೊತೆಗೆ ಒಂದು ಕತ್ತಿ, ಮತ್ತೆ ಭುಜದ ಮೇಲೆ ಜರಿ ಪಟ್ಟಿ ಇರುವ ಒಂದು ಕೆಂಪು ಕೋಟು.

‘ಜರಿ ಪಟ್ಟಿ ಅಂದ್ರೆ ಭುಜಕೀರ್ತಿ ಅನ್ರಿ ಮೇಷ್ಟ್ರೆ!’ ಅಂತ ಯಜಮಾನರು ಎದ್ದರು. ಒಳಗೆ ಟ್ರಂಕು ತೆಗೆಯುವ ಸದ್ದು. ಬಂದಾಗ ಕೈಯಲ್ಲಿ ಒಂದು ಕೆಂಪು ಕೋಟು. ಎರಡು ಭುಜದ ಮೇಲೂ ಬಂಗಾರದ ಬಣ್ಣದ ಕುಚ್ಚು.

ಅದು ಥ್ಯಾಕರೆಯ ಕೋಟು. ಕಿತ್ತೂರು ಚೆನ್ನಮ್ಮನ ನಾಟಕ ಆಡುವವರು ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಾತ್ರಕ್ಕೆ ಒಯ್ಯುತ್ತಿದ್ದದ್ದು. ಮೂವತ್ತು ವರ್ಷದಿಂದ ಈ ಕೋಟು ಜಿಲ್ಲೆಯ ಹಳ್ಳಿ ಹಳ್ಳಿಗಳಲ್ಲಿ ಗುಂಡೇಟು ತಿಂದು ಬಿದ್ದಿದೆಯಂತೆ, ಎಡಗಡೆ ಎದೆಯ ಹತ್ತಿರ ತೇಪೆ ಇದೆ. ಥ್ಯಾಕರೆ ಕಿತ್ತೂರಿನಲ್ಲಿ ಸತ್ತದ್ದು 1824ರಲ್ಲಿ. ಅಕ್ವಾ ರಾಜನ ಒಪ್ಪಂದ 1841ರದ್ದು. ಹದಿನೇಳೇ ವರ್ಷದ ಅಂತರ, ಅದೇ ಬ್ರಿಟಿಷರು, ಹೆಚ್ಚುಕಡಿಮೆ ಅದೇ ಕೆಂಪು ಬಣ್ಣ. ಚೌಕಳಿ ಸಾಂಜದ ಮೇಲೆ ಈ ಕೋಟು ಹಾಕಿ ನಮ್ಮ ಹುಡುಗನನ್ನು ಕನ್ನಡಿ ಮುಂದೆ ನಿಲ್ಲಿಸಿದಾಗ ನನಗೆ ಮೈ ಜುಮ್ ಅಂದಿತು. ಮನುಷ್ಯರನ್ನು ಕೊಟ್ಟು ಕೊಂಡ ಬಟ್ಟೆ ಸೊಂಟದಲ್ಲಿ, ಕೊಡುವುದನ್ನು ನಿಲ್ಲಿಸಿದ್ದಕ್ಕೆ ಬಂದ ಬಟ್ಟೆ ಭುಜದ ಮೇಲೆ. ನಾನು ಹತ್ತು ಪುಟ ಡೈಲಾಗ್ ಬರೆದಿದ್ದೆ. ಅವತ್ತು ಮನೆಗೆ ಬಂದು ನಾಲ್ಕು ಪುಟ ಹರಿದು ಹಾಕಿದೆ.

ಬಣ್ಣದ ವಿಷಯ ಇಲ್ಲಿ ಹೇಳಬೇಕು. ಕಪ್ಪು ಬಳಿಯುವುದು ಬೇಡ ಅಂತ ನಾನು ವಾದ ಮಾಡಲು ಸಿದ್ಧವಾಗಿ ಬಂದಿದ್ದೆ. ಯಜಮಾನರೇ ಮೊದಲು ಹೇಳಿದರು. ‘ಮುಖ ಯಾಕೆ ಬಳೀಬೇಕು? ಹುಡುಗ ಹೆಂಗಿದಾನೋ ಹಂಗೇ ಇರ್ಲಿ. ನೋಡೋರು ಮಾತು ಕೇಳ್ತಾರೆ.’ ಮೇಕಪ್ ಕಿಟ್ ಕೊಡಲೇ ಇಲ್ಲ, ಅದರ ಬಾಡಿಗೆ ಉಳಿಯಿತು.

ಈಗ ಕೊರತೆಗಳು. ಕೋಟಿನ ತೋಳು ಎರಡು ಬೆರಳು ಗಿಡ್ಡ, ಉದ್ದ ಮಾಡೋಕೆ ಒಳಗೆ ಬಟ್ಟೆ ಇಲ್ಲ. ಕತ್ತಿಯ ಒರೆ ಸಡಿಲ, ನಡೆದರೆ ಕಳಚಿ ಬೀಳುತ್ತೆ, ದಾರ ಕಟ್ಟಿಕೊಳ್ಳಬೇಕು. ಡ್ರೆಸ್ ಹಾಕಿ ನೋಡೋಕೆ ಬೇರೆ ಕೋಣೆ ಇಲ್ಲ, ಹೆಣ್ಣುಮಕ್ಕಳಿಗೆ ಇದು ನಿಜವಾಗಲೂ ತೊಂದರೆ. ನಮ್ಮ ಹುಡುಗಿಯರು ಸೊಸೆಯವರ ಮನೆಯೊಳಗೆ ಹೋಗಿ ನೋಡಿಕೊಂಡು ಬಂದರು. ಅವರು ಒಳ್ಳೆಯವರು, ಆದರೆ ಎಲ್ಲರಿಗೂ ಹಾಗೆ ಮನೆ ಬಾಗಿಲು ತೆಗೆಯೋಕೆ ಆಗುತ್ತಾ? ವಿಗ್ಗುಗಳು ಹಳೆಯವು, ತಲೆ ಕೆರೆಯುತ್ತವೆ. ನಾವು ತಗೊಳ್ಳಲಿಲ್ಲ, ನೀವೂ ತಗೋಬೇಡಿ.

ದರದ ಬಗ್ಗೆ ದೂರಿಲ್ಲ. ಕೋಟು, ಕತ್ತಿ ಸೇರಿ ಎರಡು ದಿನಕ್ಕೆ 400 ರೂಪಾಯಿ, ಡಿಪಾಸಿಟ್ 1000. ಹಡಗಿನ ಕ್ಯಾಪ್ಟನ್‌ಗೆ ಕರಿ ಕೋಟು, ಟೋಪಿ 250. ಬೆಲ್ ರಾಜನಿಗೆ ಬಿಳಿ ಅಂಗಿ ನಮ್ಮದೇ. ಇನ್ನೊಂದು ಕೆಂಪು ಕೋಟು ಇರಲಿಲ್ಲ, ಅದೇ ಒಳ್ಳೆಯದಾಯಿತು. ವೇದಿಕೆಯ ಮೇಲೆ ಕೋಟು ಒಬ್ಬನಿಗೇ ಸಿಕ್ಕಿದಾಗ ಇಬ್ಬರು ರಾಜರ ಪೈಪೋಟಿ ತಾನಾಗಿ ಕಾಣಿಸಿತು.

ಇನ್ನು ಉಳಿದದ್ದು ಮಾರಾಟವಾದವರ ಬಟ್ಟೆ. ಆರು ಮಕ್ಕಳು. ನಾನು ಸರಪಳಿ ಕೇಳಿದೆ. ಸಂಗೊಳ್ಳಿ ರಾಯಣ್ಣನನ್ನು ಹಿಡಿಯುವ ಸೀನಿಗೆ ಕೊಡುವ ತಗಡಿನ ಸರಪಳಿ ಇತ್ತು, ಆದರೆ ಯಜಮಾನರು ಬೇಡ ಅಂದರು, ಅದು ಗೆಜ್ಜೆ ಥರ ಸದ್ದು ಮಾಡುತ್ತೆ, ಜನ ನಗುತ್ತಾರೆ ಅಂತ. ಆರು ಬಿಳಿ ಬಟ್ಟೆ ತೆಗೆದಿಟ್ಟರು. ಆಮೇಲೆ ತಮ್ಮ ದೊಡ್ಡ ರಿಜಿಸ್ಟರ್ ತೆಗೆದರು. ಅದರಲ್ಲಿ ಪ್ರತಿ ಬಟ್ಟೆಯ ಮುಂದೆ ಪಾತ್ರದ ಹೆಸರು ಬರೆಯುವುದು ಅವರ ಪದ್ಧತಿ, ಕಂಪನಿ ಕಾಲದಿಂದ ಬಂದದ್ದು. ಕೆಂಪು ಕೋಟು, ಮುಂದೆ ‘ಅಕ್ವಾ ರಾಜ’. ಕರಿ ಕೋಟು, ಮುಂದೆ ‘ಕ್ಯಾಪ್ಟನ್’. ಬಿಳಿ ಬಟ್ಟೆಗೆ ಬಂದಾಗ ಪೆನ್ನು ನಿಲ್ಲಿಸಿ ಕೇಳಿದರು, ‘ಇವ್ರ ಹೆಸ್ರು?’

ರಾಜನ ಹೆಸರಿದೆ, ಅವನ ಅಪ್ಪನ ಹೆಸರಿದೆ. ಮಾರಿಹೋದವರ ಹೆಸರು ಆ ಒಪ್ಪಂದದಲ್ಲಿ ಎಲ್ಲೂ ಇಲ್ಲ. ಅವರು ಒಳನಾಡಿನವರು, ನದಿಯ ಮೇಲಿನ ಊರುಗಳವರು, ಹುಲ್ಲುಗಾವಲಿನ ಬೆಟ್ಟಗಳ ಕಡೆಯವರು ಅಂತ ಮಾತ್ರ ಹೇಳಬಹುದು. ‘ಗುಲಾಮ ಒಂದು, ಗುಲಾಮ ಎರಡು ಅಂತ ಬರೀರಿ’ ಅಂದೆ. ನನ್ನ ಸ್ಕ್ರಿಪ್ಟಿನಲ್ಲೂ ಹಾಗೇ ಇತ್ತು.

‘ಹಂಗೆ ಬರಿಯಲ್ಲ ನಾನು’ ಅಂದರು. ಸಿಟ್ಟಿನಿಂದ ಅಲ್ಲ, ಸುಮ್ನೆ ಹೇಳಿದರು. ‘ದ್ವಾರಪಾಲಕನ ಪಾತ್ರಕ್ಕೂ ಹೆಸ್ರು ಕೇಳಿ ಬರ್ದಿದೀನಿ. ಎರಡು ದಿನ ಟೈಮ್ ತಗೊಳ್ರಿ.’

ಮಕ್ಕಳಿಗೆ ಹೇಳಿದೆ. ಬಾಯಿಗೆ ಬಂದ ಆಫ್ರಿಕನ್ ಹೆಸರು ಹುಟ್ಟಿಸಿ ಇಡುವುದು ನನಗೆ ಇಷ್ಟ ಇರಲಿಲ್ಲ, ಅದು ಮತ್ತೆ ಚಿರತೆ ಚುಕ್ಕೆಯ ಬಟ್ಟೆಯೇ ಆಗುತ್ತಿತ್ತು. ಹಡಗು ಹತ್ತುವ ಮುಂಚೆ ಅವರು ಏನಾಗಿದ್ದಿರಬಹುದು ಅಂತ ಯೋಚನೆ ಮಾಡಿ ಅಂದೆ. ಎರಡು ದಿನ ಆರೂ ಜನ ಕೂತು ಜಗಳ ಮಾಡಿ, ಒಬ್ಬೊಬ್ಬರು ಒಂದೊಂದು ಸಾಲು ಬರೆದುಕೊಂಡು ಬಂದರು. ಆ ಆರು ಸಾಲುಗಳೇ ನಾಟಕದ ಶುರುವಾಯಿತು. ರಾಜ ಬರುವುದಕ್ಕೆ ಮುಂಚೆ ಆರು ಜನ ಬಂದು ತಾವು ಯಾರು ಅಂತ ಹೇಳಿದರು. ಅದಾದ ಮೇಲೆ ದೋಣಿ ಬಂತು.

ನಾಟಕ ಹೇಗಾಯಿತು ಅಂತ ಇಲ್ಲಿ ಬರೆಯುವುದಿಲ್ಲ, ಇದು ಅಂಗಡಿಯ ವಿಷಯ. ಒಂದು ಮಾತ್ರ ಹೇಳುತ್ತೇನೆ. ಮುಗಿದ ಮೇಲೆ ಒಬ್ಬ ಹುಡುಗ ಬಂದು, ಆಮೇಲೆ ಆ ರಾಜನ ಮನೆತನ ಏನಾಯಿತು ಸಾರ್ ಅಂತ ಕೇಳಿದ. ವ್ಯಾಪಾರ ತಾಳೆ ಎಣ್ಣೆಗೆ ತಿರುಗಿತು, ಇಂಗ್ಲೆಂಡಿನ ಸೋಪಿಗೆ, ಯಂತ್ರಗಳಿಗೆ ಅದು ಬೇಕಿತ್ತು. 1884ರ ಜುಲೈಯಲ್ಲಿ ಅಂದಿನ ಅಕ್ವಾ ಮತ್ತು ಬೆಲ್ ರಾಜರು ಜರ್ಮನ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡರು, ಎರಡು ದಿನದಲ್ಲಿ ಜರ್ಮನ್ ಬಾವುಟ ಹಾರಿತು. ಬೆಲ್ ಮನೆತನದ ರುಡಾಲ್ಫ್ ದುವಾಲಾ ಮಂಗಾ ಬೆಲ್, ಜನರ ಜಾಗ ಕಿತ್ತುಕೊಳ್ಳಬೇಡಿ ಅಂತ ಜರ್ಮನ್ನರ ಎದುರು ನಿಂತಿದ್ದಕ್ಕೆ 1914ರ ಆಗಸ್ಟ್ 8ರಂದು ಅವರನ್ನು ಗಲ್ಲಿಗೇರಿಸಿದರು. ಆ ಹುಡುಗ ಈಗ ಅದರ ಮೇಲೆ ನಾಟಕ ಬರೆಯುತ್ತೇನೆ ಅಂತ ಹೊರಟಿದ್ದಾನೆ. ಬರೆಯಲಿ.

ಹೋಗುವವರಿಗೆ ಎರಡು ಮಾತು. ಬೆಳಿಗ್ಗೆ ಹನ್ನೊಂದಕ್ಕೆ ಮುಂಚೆ ಹೋಗಿ, ಆಮೇಲೆ ಯಜಮಾನರು ಮಲಗುತ್ತಾರೆ. ಜಾತ್ರೆ ಸೀಸನ್ನಿನಲ್ಲಿ ಹದಿನೈದು ದಿನ ಮುಂಚೆ ಹೇಳಿ. ಸ್ಕ್ರಿಪ್ಟ್ ಜೊತೆಗೆ ಒಯ್ಯಿರಿ, ಅವರು ಓದುತ್ತಾರೆ.

ಬಟ್ಟೆ ವಾಪಸ್ ಕೊಡುವಾಗ ಸೊಸೆ ಒಂದೊಂದನ್ನೇ ಬಿಡಿಸಿ ನೋಡಿ ಟಿಕ್ ಹಾಕಿಕೊಂಡರು. ಕೋಟು ಸೋಮವಾರ ಮತ್ತೆ ಚೆನ್ನಮ್ಮನ ನಾಟಕಕ್ಕೆ ಹೊರಡುವುದಿತ್ತು, ಯಜಮಾನರು ಅದಕ್ಕೆ ಇಸ್ತ್ರಿ ಹಾಕಲು ಕೂತಿದ್ದರು. ನಾನು ರಿಜಿಸ್ಟರ್ ನೋಡಿದೆ. ಅವರ ದಪ್ಪ ಅಕ್ಷರದಲ್ಲಿ, ಬಿಳಿ ಬಟ್ಟೆ ಒಂದು, ಮಡಕೆ ಮಾಡುವವಳು. ಬಿಳಿ ಬಟ್ಟೆ ಒಂದು, ಬೇಟೆಗಾರ. ಬಿಳಿ ಬಟ್ಟೆ ಒಂದು, ಹೊಸದಾಗಿ ಮದುವೆಯಾದವಳು. ಬಿಳಿ ಬಟ್ಟೆ ಒಂದು, ಕಮ್ಮಾರನ ಮಗ. ಬಿಳಿ ಬಟ್ಟೆ ಒಂದು, ಹಾಡು ಹೇಳುವವನು. ಬಿಳಿ ಬಟ್ಟೆ ಒಂದು, ಅವನ ತಂಗಿ.